ಶನಿವಾರದ ಒಪ್ಪತ್ತು

ಜಯನಗರದಲ್ಲಿ ಸೈಟುಗಳ ಮಧ್ಯೆ ಇನ್ನೂ ರಾಗಿ ಹೊಲ ಇದ್ದ ಕಾಲ. ಅಲ್ಲಿ ಒಬ್ಬ ಡಾಕ್ಟರು ತಲೆಕೆಟ್ಟ ಹೆಂಗಸರಿಗೆಂದು ಹನ್ನೆರಡು ಮಂಚದ ಆಸ್ಪತ್ರೆ ಇಟ್ಟಿದ್ದರು. ನಾನು ಮಡಿವಾಳದಿಂದ ನಡೆದು ಹೋಗಿ ಆಯಾ ಕೆಲಸ ಮಾಡುತ್ತಿದ್ದೆ. ಓದಿದ್ದು ಮೂರನೇ ಕ್ಲಾಸು. ಸೋಮವಾರ ಸುತ್ತು ಬಂದಾಗ ಡಾಕ್ಟರು ರೋಗಿಗಳನ್ನು ಕೇಳುತ್ತಿರಲಿಲ್ಲ, ನಮ್ಮನ್ನು ಕೇಳುತ್ತಿದ್ದರು. ಉಂಡಳಾ, ಮಲಗಿದಳಾ, ಕೂಗಾಡಿದಳಾ? ಮನೆಗೆ ಕಳಿಸುವುದು ನಮ್ಮ ಮಾತಿನ ಮೇಲೆ.

ಕೋಣನಕುಂಟೆಯ ಒಬ್ಬಳಿದ್ದಳು. ಹೆರಿಗೆಯಾದ ಮೇಲೆ ತಲೆ ಕೆಟ್ಟಿತ್ತು, ಅಷ್ಟೊತ್ತಿಗೆ ಸರಿಹೋಗಿತ್ತು. ಕೂಸು ಮನೆಯಲ್ಲಿತ್ತು. ಆ ಸೋಮವಾರ ಅವಳ ಅಣ್ಣ ಗಾಡಿ ಕಟ್ಟಿಕೊಂಡು ಬಂದು ಗೇಟಿನ ಹತ್ತಿರ ಕಾಯುತ್ತಿದ್ದ.

"ಊಟ ಹೇಗಿದೆ?" ಡಾಕ್ಟರು ಕೇಳಿದರು.

"ಶನಿವಾರ ಸಂಜೆ ತಟ್ಟೆ ಮುಟ್ಲಿಲ್ಲ ಸಾರ್. ಎಷ್ಟು ಹೇಳಿದ್ರೂ ಹಟ," ಅಂದೆ. ಅದೇನು ಸುಳ್ಳಲ್ಲ.

"ಹಾಗಾದ್ರೆ ಇನ್ನೊಂದು ತಿಂಗಳು ಇರಲಿ."

ಗಾಡಿ ಖಾಲಿ ಹೋಯಿತು. ನಾನು ಹಾಸಿಗೆ ಕೊಡವುತ್ತಿದ್ದಾಗ ಅವಳು ಕೇಳಿದಳು: "ಅಕ್ಕಾ, ನೀವೂ ಶನಿವಾರ ಒಪ್ಪತ್ತು ತಾನೆ? ಸಂಜೆ ಒಂದು ಬಾಳೆಹಣ್ಣು ತಿಂದು ನೀರು ಕುಡೀತೀರ. ಅವತ್ತು ನಾನೂ ಹೇಳಿದ್ನಲ್ಲ, ಇವತ್ತು ಶನಿವಾರ ಅಂತ."

ಹೇಳಿದ್ದಳು. "ನಿನಗ್ಯಾವ ವಾರಾನೇ, ತಿನ್ನು" ಅಂತ ನಾನೇ ನಕ್ಕಿದ್ದೆ.

ನಾನು ಉಣ್ಣದಿದ್ದರೆ ವ್ರತ, ಅವಳು ಉಣ್ಣದಿದ್ದರೆ ಹುಚ್ಚು. ಇದನ್ನು ನನಗೆ ಹೇಳಿಕೊಟ್ಟವರು ಯಾರೋ ನೆನಪಿಲ್ಲ. ಹಿರಿಯ ಆಯಾಗೆ ವಿಷಯ ತಿಳಿಸಿದೆ. "ಹೋಗೇ, ಇವತ್ತು ಶನಿವಾರ ಅಂತಾರೆ, ನಾಳೆ ಏಕಾದಶಿ ಅಂತಾರೆ. ಇವರಿಗೆ ಅಡುಗೆ ಮಾಡೋದೇ ಬ್ಯಾಡ್ವಾ?" ಅಂದಳು. ಡಾಕ್ಟರ ರೂಮಿನ ಬಾಗಿಲವರೆಗೂ ಹೋದೆ. ಆಗಲೇ ಯಾಕೆ ಹೇಳಲಿಲ್ಲ ಅಂತ ಕೇಳಿದರೆ ಏನನ್ನಲಿ? ಹೆದರಿಕೆಯೋ ನಾಚಿಕೆಯೋ, ವಾಪಸು ಬಂದೆ.

ಮುಂದಿನ ಶನಿವಾರ ಸಂಜೆ ಐದಕ್ಕೆ ಬಡಿಸಿದೆ. ಅವಳ ತಟ್ಟೆಗೆ ಅನ್ನ ಹಾಕದೆ ನನ್ನ ಬಾಳೆಹಣ್ಣು ಇಟ್ಟೆ. ಒಳ್ಳೆಯದು ಮಾಡಿದೆ ಅಂದುಕೊಂಡೆ.

ಅವಳು ಹಣ್ಣನ್ನು ನನ್ನ ಕೈಗೇ ಕೊಟ್ಟಳು. "ಅನ್ನ ಹಾಕಿ."

"ಶನಿವಾರ ಅಲ್ವೇನೇ?"

"ಹಾಕಿ ಅಕ್ಕಾ."

ಹಾಕಿದೆ. ನನ್ನನ್ನೇ ನೋಡುತ್ತಾ ಒಂದಗುಳೂ ಬಿಡದೆ ಉಂಡಳು. ಖಾಲಿ ತಟ್ಟೆ ಎತ್ತಿ ತೋರಿಸಿದಳು. "ಸೋಮವಾರ ಹೇಳಿ, ಉಂಡಳು ಅಂತ."

ಹೇಳಿದೆ. ತಿಂಗಳು ತುಂಬಿದ ಮೇಲೆ ಅವಳು ಮನೆಗೆ ಹೋದಳು. ಆದರೆ ಆ ಶನಿವಾರ ಸಂಜೆ ಬಾಳೆಹಣ್ಣು ಹಿಡಿದು ನಿಂತ ನನಗೆ ತಿನ್ನಬೇಕೋ ಬಿಡಬೇಕೋ ತಿಳಿಯಲಿಲ್ಲ.