ಹೆದ್ದಾರಿ ದಾಟಿಸಿದ ಕೈ

ಬೀದರ ಜಿಲ್ಲೆಯ ನಗರ ಯೋಜನೆಯ ಕೆಲಸದಲ್ಲಿ ಮೂರು ದಶಕ ಸವೆಸಿದ ಶ್ರೀಮತಿ ಚಂದ್ರಭಾಗಾ ಅವರನ್ನು ಬಲ್ಲವರು ಬಹಳ. ಅವರ ನಕಾಶೆಯಂತೆ ಬೆಳೆದ ಊರು ಮಾತ್ರ ಒಂದೂ ಇಲ್ಲ. ನಮ್ಮಂಥ ಸಣ್ಣ ಊರುಗಳಲ್ಲಿ ಮನೆ ಕಟ್ಟಿದ ಮೇಲೆ ರಸ್ತೆ ಹುಡುಕುತ್ತಾರೆ, ನೀರು ಒಳಗೆ ನುಗ್ಗಿದ ಮೇಲೆ ಚರಂಡಿ ಹುಡುಕುತ್ತಾರೆ. ಇಂಥ ಕಡೆ ಮುಂಚಿತವಾಗಿ ಹೇಳುವುದನ್ನೇ ಉದ್ಯೋಗಧರ್ಮವೆಂದು ತಿಳಿದ ಮೇಡಂ ಅವರ ಕುರಿತು, ಎಂಟನೆಯ ತರಗತಿಯ ನಡುವೆಯೇ ಶಾಲೆ ಬಿಟ್ಟ ನಾನು ಈ ಅಭಿನಂದನ ಗ್ರಂಥಕ್ಕೆ ಬರೆಯುತ್ತಿರುವುದು ಅವರ ಒತ್ತಾಯದಿಂದ.

ಬೀದರದಲ್ಲಿ ನಕಾಶೆ ಬರೆಯುವವರಾಗಿ ಸೇವೆಗೆ ಸೇರಿದ ಅವರು ಬಹಳ ವರ್ಷಗಳ ಮೇಲೆ ನಮ್ಮೂರು ಔರಾದಕ್ಕೆ ಬಂದು ನಮ್ಮ ಓಣಿಯಲ್ಲೇ ಬಾಡಿಗೆಗಿದ್ದರು. ಹೊಸದಾಗಿ ಎದ್ದ ನಮ್ಮ ಬಡಾವಣೆಯಲ್ಲಿ ಪ್ರೌಢಶಾಲೆಗೊಂದು, ಉದ್ಯಾನಕ್ಕೊಂದು ಜಾಗ ಅಕ್ಕಪಕ್ಕ ಮೀಸಲಾಗಿದ್ದವು. ಅಳತೆಗೆ ಬಂದ ದಿನ ನೆರೆಮನೆಯ ಇಮಾಮಬೀ ಅಜ್ಜಿ ಅವರನ್ನು ಬಿಡಲಿಲ್ಲ.

“ಕಾಗದದಾಗ ಹಸಿರು ಬಳದೀರಿ ಮೇಡಂ, ನನ್ನ ಮ್ಯಾಕಿಗೆ ಒಂದು ಎಸಳೂ ಸಿಗವಲ್ದು!”

“ಮ್ಯಾಕಿ ಕಾಗದಾನ ತಿನ್ಲಿ ಬಿಡ್ರಿ ಅಜ್ಜಿ. ಮಂದಿ ಜಾಗಾ ತಿನ್ನಬಾರ್ದು, ಅಷ್ಟ.”

ಆಗ ಊರಲ್ಲಿದ್ದ ಪ್ರೌಢಶಾಲೆ ಹೆದ್ದಾರಿಯ ಆ ಬದಿಗೆ, ಬಸ್ ನಿಲ್ದಾಣದ ಹಿಂದೆ. ನಡೆಯುವವರಿಗೆಂದು ಅಲ್ಲಿ ಒಂದು ಗೇಣು ದಾರಿಯನ್ನೂ ಯಾರೂ ಬಿಟ್ಟಿರಲಿಲ್ಲ. ಲಾರಿಗಳ ನಡುವೆ ಮಗಳನ್ನು ಕಳುಹಿಸಲಾರೆನೆಂದು ಅಪ್ಪ ಶಿವರಾಜಪ್ಪ ಹಟ ಹಿಡಿದಾಗ, ಮೇಡಂ ದಿನವೂ ಕಚೇರಿಗೆ ಹೋಗುವಾಗ ನನ್ನ ಕೈ ಹಿಡಿದು ದಾಟಿಸಿದರು; ಸಂಜೆ ತಮ್ಮ ಕೆಲಸ ಮುಗಿಯುವವರೆಗೂ ಮೇಜಿನ ಪಕ್ಕದಲ್ಲಿ ಕೂರಿಸಿಕೊಂಡು, ಲೆಕ್ಕ ಹೇಳಿಕೊಟ್ಟು, ಮನೆಗೆ ಕರೆತಂದರು.

ಆ ವರ್ಷವೇ ಶಾಲೆಯ ಜಾಗದಲ್ಲಿ ಕಲ್ಯಾಣ ಮಂಟಪ ಕಟ್ಟುವ ಪ್ರಸ್ತಾವ ಬಂತು. ಆಕ್ಷೇಪಣೆಯಿದ್ದವರು ಬರೆದು ತಿಳಿಸಬೇಕೆಂದು ಪ್ರಕಟಣೆಯೂ ಆಯಿತು. ಬಡಾವಣೆಯ ಸಭೆಯಲ್ಲಿ ಮೊದಲು ಎದ್ದು ನಿಂತವರು ನನ್ನ ಅಪ್ಪನೇ.

“ಹುಡುಗೀರ ಲಗ್ನಕ್ಕ ಬೀದರ, ಭಾಲ್ಕಿ ಅಂತ ಅಲೀಬೇಕೇನ್ರಿ? ಸಾಲಿ ಬಿಟ್ರ ನಡೀತದ, ಲಗ್ನ ಬಿಟ್ರ ನಡೀತದೇನು?”

ಸಭೆ ಚಪ್ಪಾಳೆ ತಟ್ಟಿತು. ಮೇಡಂ ದನಿ ಎತ್ತಲಿಲ್ಲ. “ನಾ ಸರ್ಕಾರಿ ನೌಕರಿ ಮಾಡಾಕಿ, ನಾ ಬರದು ಕೊಡಂಗಿಲ್ರಿ. ಬ್ಯಾಡ ಅಂತ ನೀವ ಬರೀಬೇಕು. ಒಬ್ಬರರೇ ಬರೀರಿ.”

ಒಬ್ಬರೂ ಬರೆಯಲಿಲ್ಲ. ಕಡತದಲ್ಲಿ ಅಸಮ್ಮತಿ ದಾಖಲಿಸಿದ ಅವರಿಗೆ ಭಾಲ್ಕಿಗೆ ವರ್ಗವಾಯಿತು. ಅದೇ ವಾರ ನನ್ನ ಶಾಲೆ ನಿಂತಿತು. ಮಂಟಪ ಎದ್ದಿತು. ಅದರ ಬಾಡಿಗೆ ಕೊಡಲಾರದ ನಮ್ಮ ಓಣಿಯವರು ಈಗಲೂ ಬೀದಿಯಲ್ಲೇ ಚಪ್ಪರ ಹಾಕುತ್ತಾರೆ.

ಭಾಲ್ಕಿಯಲ್ಲಿ ಅವರು ಹಳ್ಳದ ಎರಡೂ ದಂಡೆ ತೆರವಾಗಿಡಬೇಕೆಂದು ಹೋರಾಡಿ ಉಳಿಸಿಕೊಂಡರು; ಅವರು ಬೀದರಕ್ಕೆ ಹೋದ ಮೇಲೆ ದಂಡೆಯ ಮೇಲೆ ಅಂಗಡಿಗಳ ಸಾಲು ಬಂತು. ಬೀದರದಲ್ಲಿ ಅವರ ಸಲಹೆಗಳನ್ನು ಗೌರವದಿಂದ ಸ್ವೀಕರಿಸಿ ಗೌರವದಿಂದಲೇ ಬದಿಗಿಡಲಾಯಿತು. ಈ ಗ್ರಂಥದ ಮೊದಲ ಪುಟಗಳಲ್ಲಿ ಅವರ ದೂರದೃಷ್ಟಿಯನ್ನು ಕೊಂಡಾಡಿರುವ ಹಿರಿಯರಲ್ಲಿ ಕೆಲವರ ರುಜು ಆ ಕಡತಗಳಲ್ಲೂ ಇದೆ.

ಈಗ ನಮ್ಮ ಬಡಾವಣೆಯ ಉದ್ಯಾನದ ಜಾಗವನ್ನು ಮಂಟಪದ ವಾಹನ ನಿಲುಗಡೆಗೆ ಕೊಡುವ ಪ್ರಸ್ತಾವ ಬಂದಿದೆ. ಮಂಟಪಕ್ಕೆ ಹೋದ ಜಾಗಕ್ಕೆ ಬದಲಾಗಿ ಅದು ಶಾಲೆಗೆ ದೊರೆತರೆ ನಮ್ಮ ಓಣಿಯ ಪ್ರಾಥಮಿಕ ಶಾಲೆಗೆ ಎಂಟನೆಯ ತರಗತಿ ಬರುತ್ತದೆ. ನಾನು ಶಾಲೆ ಬಿಟ್ಟಾಗ ತೊಟ್ಟಿಲಲ್ಲಿದ್ದ ನನ್ನ ತಂಗಿ ಈಶ್ವರಿ ಈಗ ಏಳನೆಯ ತರಗತಿಯಲ್ಲಿದ್ದಾಳೆ. ಹೆದ್ದಾರಿ ಇನ್ನಷ್ಟು ಅಗಲವಾಗಿದೆ.

ನಿವೃತ್ತಿಯ ಮರುವಾರ ಮೇಡಂ ಬಸ್ಸು ಹಿಡಿದು ನಮ್ಮ ಮನೆಗೆ ಬಂದರು. ಅಪ್ಪ ಬೆರಗಾದರು.

“ಮತ್ತ್ಯಾಕ ಬಂದ್ರಿ ಮೇಡಂ? ಈಗರೆ ಆರಾಮ ಕೂಡ್ರಬಾರ್ದೇನ್ರಿ?”

“ಈಗ ನೌಕರಿ ಇಲ್ರಿ ಶಿವರಾಜಪ್ಪ. ಈಗ ಬರೀತೇನಿ.”

ಆಕ್ಷೇಪಣೆಯನ್ನು ಬರೆದು ಮೊದಲ ಸಹಿಯನ್ನು ಅವರೇ ಹಾಕಿದರು. ಎರಡನೆಯದು ನನ್ನದು. ಅಪ್ಪ ಚಹಾ ತರಿಸಿದರು, ಪೆನ್ನು ಮುಟ್ಟಲಿಲ್ಲ.

ವಿಚಾರಣೆ ಬರುವ ತಿಂಗಳು. ಪೂಜ್ಯ ಚಂದ್ರಭಾಗಾ ಮೇಡಂ ಅವರಿಗೆ ಆಯುರಾರೋಗ್ಯ ಲಭಿಸಲಿ, ಅವರ ಕೆಲಸ ಸಾಗಲಿ ಎಂದು ಹಾರೈಸುತ್ತೇನೆ. ಶಾಲು ಹೊದಿಸಿ ಅವರನ್ನು ಮನೆಗೆ ಕಳುಹಿಸುವ ಎಲ್ಲ ಹಿರಿಯರಿಗೂ ನನ್ನ ವಿನಂತಿ ಇಷ್ಟೇ: ಮೂರನೆಯ ಸಹಿಯ ಜಾಗ ಇನ್ನೂ ಖಾಲಿ ಇದೆ.