ಅಂಗೈ ಗೆರೆ ಕಾಣುವ ಹೊತ್ತು

ಟ್ರಾಕ್ಟರಿನ ಮುಂದೆ ಕಟ್ಟಿದ್ದ ಬೇವಿನ ಹೂವಿನ ಗೊಂಚಲು ಎಂಜಿನ್ನಿನ ಕಾವಿಗೆ ಬಾಡುತ್ತಿತ್ತು. ಬೇವು, ಡೀಸೆಲ್ಲು, ಸಾಂಬ್ರಾಣಿ ಮೂರೂ ಕಲೆತ ಆ ವಾಸನೆ ಈ ಯುಗಾದಿಯ ನಸುಕಿನಲ್ಲಿ ಮೂಗಿಗೆ ಬಡಿದಾಗ ಪಕ್ಕದ ಮನೆಯ ಮಾವ ನೆನಪಾದರು. ಅವರ ಕಾಲದಲ್ಲಿ ಡೀಸೆಲ್ಲು ಇರಲಿಲ್ಲ, ಎತ್ತಿನ ಕೊಂಬಿಗೆ ಬಳಿದ ಬಣ್ಣದ ವಾಸನೆ ಇತ್ತು. ಹಾಗಾದರೆ ಈ ವಾಸನೆಗೆ ಅವರೇಕೆ ನೆನಪಾಗಬೇಕು... ಗೊತ್ತಿಲ್ಲ.

ಅವರು ಸಂತೆಬಾಚಹಳ್ಳಿ ಕಡೆಯವರು. ಪಾಂಡವಪುರದ ಪಕ್ಕದ ನಮ್ಮೂರಿಗೆ, ಹೆಂಡತಿಯ ತವರಿಗೇ ಬಂದು ನೆಲೆಸಿದ ಮನೆಅಳಿಯ. ಊರಿಗೆಲ್ಲ ಅಳಿಯಪ್ಪ, ನಮ್ಮಂಥ ಮಕ್ಕಳಿಗೆ ಮಾವ. ಅವರ ಹೆಂಡತಿ ಅತ್ತೆಯಂತೂ ಗಂಡನ ಹೆಸರು ಹೇಳುವವರಲ್ಲ. 'ನಮ್ಮನೇವ್ರು' ಅಂದರೆ ಮುಗಿಯಿತು. ಹೀಗಾಗಿ ಅವರಿಗೊಂದು ಹೆಸರಿದೆ ಎಂದು ಕೇಳಿಕೊಳ್ಳುವ ಪ್ರಮೇಯವೇ ನಮಗೆ ಬರಲಿಲ್ಲ.

ನಮಗೆ ಬೆಳಗಿಗೆ ಇದ್ದದ್ದು ಒಂದೇ ಮಾತು, ಹೊತ್ತಾರೆ. ಅವರ ಬಾಯಲ್ಲಿ ಅದು ಹಲವು ಹೊತ್ತುಗಳಾಗಿ ಒಡೆಯುತ್ತಿತ್ತು. ಬೆಳ್ಳಿ ಮೂಡೋ ಹೊತ್ತಿಗೆ ಎತ್ತಿಗೆ ಹುಲ್ಲು. ಮೂಡ್ಲು ಬೆಳ್ಳಗಾಗೋ ಹೊತ್ತಿಗೆ ನೀರು. ನೊಗ ಕಟ್ಟುವುದು ಮಾತ್ರ ಅಂಗೈ ಗೆರೆ ಕಾಣೋ ಹೊತ್ತಿಗೆ. ಕೊಟ್ಟಿಗೆಯ ಬಾಗಿಲಲ್ಲಿ ನಿಂತು ಅಂಗೈ ಚಾಚಿ ದಿಟ್ಟಿಸಿ, "ಇನ್ನೂ ವಸಿ ತಡ್ಕಳ್ಲಾ" ಎಂದು ಎತ್ತಿಗೆ ಹೇಳುತ್ತಿದ್ದರು.

ಯುಗಾದಿಯ ಬೆಳಿಗ್ಗೆ ನಮ್ಮಲ್ಲಿ ವರ್ಷದ ಮೊದಲ ಉಳುಮೆ, ಹೊನ್ನಾರು. ಗುಡಿಯ ಮುಂದೆ ಐನೋರು ಪಂಚಾಂಗ ನೋಡಿ ಈ ಸಲ ಯಾವ ಅಕ್ಷರಕ್ಕೆ ಹೆಸರುಬಲ ಎಂದು ಹೇಳುತ್ತಾರೆ. ಆ ಅಕ್ಷರದವನು ನೇಗಿಲು ಹಿಡಿದರೆ ಊರಿನ ವರ್ಷ ಅವನ ಕೈಯಿಂದ ಶುರುವಾಗುತ್ತದೆ. ಆಮೇಲೆ ಅವನನ್ನು ಯಾವ ಕಡೆಯವನು ಎಂದು ಯಾರೂ ಕೇಳುವುದಿಲ್ಲ. ಮಾವನಿಗೆ ಬೇಕಾಗಿದ್ದದ್ದು ಅದೊಂದೇ ಎಂದು ಅತ್ತೆ ನಮ್ಮವ್ವನ ಹತ್ತಿರ ಹೇಳಿಕೊಂಡಿದ್ದರಂತೆ.

ಆ ವರ್ಷ 'ದ' ಬಂತು. ಊರಿಗೆ ಗೊತ್ತಿದ್ದ ಹಾಗೆ ಆ ಅಕ್ಷರದವರು ಇದ್ದದ್ದು ಒಂದೇ ಮನೆಯಲ್ಲಿ, ಅವರಿಗೆ ಸೂತಕ. ಇನ್ಯಾರು ಎಂದು ಐನೋರು ಕೇಳಿದರು. ಆಗ ಹೆಂಗಸರ ಕಡೆಯಿಂದ ಅತ್ತೆ ಒಂದು ಹೆಸರು ಹೇಳಿದರು. ಯಾರದು ಎಂದು ತಿಳಿಯಲು ಜನಕ್ಕೆ ತುಸು ಹೊತ್ತು ಬೇಕಾಯಿತು.

"ಗಂಡನ್ ಎಸ್ರು ಕೂಗ್ಬುಟ್ಲಲ್ಲಪ್ಪ" ಎಂದರು ಯಾರೋ. ನಗು ಎದ್ದಿತು. ನಾನು ನಕ್ಕ ನೆನಪಿಲ್ಲ. ಆ ಮರೆವನ್ನು ನಾನು ನಂಬುವುದಿಲ್ಲ.

ನಮ್ಮ ತಾತ ಮಾತ್ರ ನಗಲಿಲ್ಲ. "ಎಣ್ಣು ಕೊಟ್ಟು ಇಟ್ಕಂಡಿರೋರು ಕಣವ್ವ ಅವ್ರು. ವರ್ಸದ ಒನ್ನಾರು ಕಟ್ಟಕ್ಕೆ ಊರಲ್ಲಿ ಉಟ್ಟಿರೋನು ಬ್ಯಾಡ್ವಾ?" ಎಂದು ನನ್ನಣ್ಣನ ಭುಜ ಹಿಡಿದು ಮುಂದೆ ತಂದರು. "ಇವತ್ತೊಂದಿನ ಇವ್ನು ದಯಾನಂದ. ಬುಡಿ ಅತ್ಲಾಗೆ." ಐನೋರು ಪಂಚಾಂಗ ಮಡಿಸಿ ಅಣ್ಣನ ತಲೆಗೆ ಅಕ್ಷತೆ ಹಾಕಿದರು.

ನೊಗಕ್ಕೆ ಕಟ್ಟಿದ್ದ ಜೋಡಿಯಲ್ಲಿ ಬಲಗಡೆಯ ಎತ್ತು ಮಾವನದು. ಹೊಸ ಪಂಚೆ ಉಟ್ಟಿದ್ದ ಅವರು ಹಗ್ಗವನ್ನು ಅಣ್ಣನ ಕೈಗೆ ಕೊಟ್ಟು, "ಹಿಡ್ಕಳಪ್ಪ. ಬಲಗಡೇದು ವಸಿ ಎಳೀತದೆ, ಬೆದ್ರಬ್ಯಾಡ" ಎಂದರು. ಆಮೇಲೆ ತಮ್ಮ ಖಾಲಿ ಅಂಗೈ ನೋಡಿಕೊಂಡರು ಎಂದು ನನ್ನ ನೆನಪು ಹೇಳುತ್ತದೆ. ಇಷ್ಟು ಸರಿಯಾದ ಜಾಗಕ್ಕೆ ಬಂದು ಕೂರುವ ವಿವರದ ಮೇಲೆ ನನಗೆ ಅನುಮಾನ. ಅವರು ಪಂಚೆ ಎತ್ತಿ ಕಟ್ಟಿಕೊಂಡು ಸುಮ್ಮನೆ ಮನೆಗೆ ಹೋಗಿರಲೂಬಹುದು... ಖಚಿತವಾಗಿ ಕಾಣುವುದು ಅತ್ತೆ ಮಾತ್ರ. ಸೆರಗನ್ನು ಬಾಯಿಗೆ ಒತ್ತಿಕೊಂಡು, ಎಲ್ಲರೂ ಹೊಲದ ಕಡೆ ಹೊರಟ ಮೇಲೂ ಗುಡಿಯ ಮುಂದೆ ನಿಂತೇ ಇದ್ದರು.

ಮುಂದಿನ ಯುಗಾದಿಗಳಲ್ಲಿ ಮಾವ ಸಂತೆಬಾಚಹಳ್ಳಿಗೆ ಹೋಗಿಬಿಡುತ್ತಿದ್ದರು. ಎತ್ತನ್ನು ಮೀಸಿ, ಕೊಂಬಿಗೆ ಬಣ್ಣ ಬಳಿದು, ನಮ್ಮ ಬಾಗಿಲಿಗೆ ಕಟ್ಟಿ ಹೋಗುತ್ತಿದ್ದರು. ಅದನ್ನು ಹೊನ್ನಾರಿಗೆ ಬಿಚ್ಚಿಕೊಂಡು ಹೋಗುವಾಗ ನಮ್ಮ ಮನೆಯಲ್ಲಿ ಯಾರೂ ಏನೂ ಅಂದುಕೊಳ್ಳಲಿಲ್ಲ.

ಈಗ ಅವರಿಬ್ಬರೂ ಇಲ್ಲ. ಕೃಷ್ಣರಾಜಪೇಟೆಯಲ್ಲಿ ಕೆಲಸದಲ್ಲಿರುವ ನಾನು ಹಬ್ಬಕ್ಕೆಂದು ತವರಿಗೆ ಬಂದು ಅದೇ ಗುಡಿಯ ಮುಂದೆ ನಿಂತಿದ್ದೆ. ಈ ಸಲ ಮತ್ತೆ 'ದ' ಬಂತು. ಟ್ರಾಕ್ಟರಿನ ಮೇಲೆ ಕೂತಿದ್ದ ಅಣ್ಣನ ಮಗ, "ದ ಅನ್ನೋರು ಯಾರವ್ರೆ ಈ ಊರಲ್ಲಿ?" ಎಂದು ನಕ್ಕ.

"ಒಬ್ರಿದ್ರು" ಎಂದೆ.

"ಏನತ್ತೆ ಎಸ್ರು?"

ಹೇಳಲು ಬಾಯಿ ತೆರೆದೆ. ದಾಸಣ್ಣನೋ, ದ್ಯಾವಣ್ಣನೋ, ದೊಡ್ಡಯ್ಯನೋ... ಹೇಳಿಕೊಂಡರೆ ಮೂರೂ ಸರಿ ಅನ್ನಿಸುತ್ತವೆ. ಜಗಲಿಯ ಮೇಲಿದ್ದ ಅಣ್ಣನ ಕಡೆ ತಿರುಗಿದೆ.

"ಅಳಿಯಪ್ಪ ಅಂತಿದ್ರಲ್ಲ" ಎಂದ.

"ಅದು ಹೆಸರಲ್ಲ ಅಣ್ಣ."

"ಇನ್ನೇನೋ ಕಣಮ್ಮ, ಯಾವ್ ಗ್ಯಾನ." ಮರುಕ್ಷಣ ಅವನ ಮುಖ ಅರಳಿತು. "ನಂಗಿಟ್ಟಿದ್ರಲ್ಲ ಅವತ್ತು, ದಯಾನಂದ. ಅದು ಚೆನ್ನಾಗಿ ಗ್ಯಾಪ್ಕ ಅದೆ."

ಹುಡುಗರು ಗೊಳ್ಳೆಂದರು. ಯಾರೋ ದಯಾನಂದನಿಗೆ ಜೈ ಎಂದರು, ಟ್ರಾಕ್ಟರು ಹೊರಟಿತು. ನಾನು ಅಲ್ಲೇ ನಿಂತೆ. ಆ ಬೆಳಗಿನ ಎಲ್ಲವೂ ಇದೆ: ಅತ್ತೆಯ ಸೀರೆಯ ಅಂಚು, ಕೊರಳು ಉಬ್ಬಿದ್ದು, ತುಟಿ ಬಿರಿದದ್ದು. ಜನ್ಮದಲ್ಲಿ ಒಂದೇ ಸಲ ಅವರು ಎಲ್ಲರೆದುರು ಗಂಡನ ಹೆಸರು ಹೇಳಿದರು, ನಾನು ಮಾರಿನ ದೂರದಲ್ಲಿದ್ದೆ. ಆ ತುಟಿ ಇವತ್ತಿಗೂ ಅಲುಗುತ್ತದೆ... ಏನೂ ಕೇಳಿಸುವುದಿಲ್ಲ.