ಪಕ್ಕದ ಸೀಟಿನ ಪ್ಲೇಟು

ಜೀಪಿನ ಬಾಗಿಲಿನ ಕೆಳಗಂಚಿಗೆ ಅಂಗೈಯಿಂದ ನಾಲ್ಕು ಏಟು ತಟ್ಟುತ್ತಾರೆ. ಸಣ್ಣ ತೂತಿನಿಂದ ಮರಳು ಸುರಿಯುತ್ತದೆ. ಮತ್ತೆ ತಟ್ಟುತ್ತಾರೆ, ಮತ್ತೆ ಸುರಿಯುತ್ತದೆ. ಜೀಪು ಮರಳುಗಾಡಿನಿಂದ ಹಿಂದಿರುಗಿ ಮೂರು ದಿನವಾಯಿತು, ಮರಳು ಇನ್ನೂ ಮುಗಿದಿಲ್ಲ. ಹೊರಗೆ ಈಗಷ್ಟೇ ಬೆಳಕು ಹರಿಯುತ್ತಿದೆ. ಗ್ಯಾರೇಜಿನ ಶಟರ್ ಅರ್ಧಕ್ಕೆ ಎತ್ತಿ, ತಲೆಗೆ ಬಟ್ಟೆ ಸುತ್ತಿ, ಮೋಟು ಪೊರಕೆ ಹಿಡಿದ ಐವತ್ತೇಳರ ಹೆಂಗಸು ಗುಡಿಸುತ್ತಲೇ ಗಾಡಿಯ ಯೋಗಕ್ಷೇಮ ವಿಚಾರಿಸಿಕೊಳ್ಳುತ್ತಾರೆ.

“ಇಲ್ನೋಡಿ, ಮರಳಲ್ಲಿ ಕರಿ ಪುಡಿ. ಎಲ್ಲೋ ಕಬ್ಬಿಣಕ್ಕೆ ಕಬ್ಬಿಣ ತಿಕ್ಕಿದೆ. ಅದೇನು ಬಾಯಿ ಬಿಟ್ಟು ಹೇಳತ್ತಾ? ನಾವೇ ಹುಡುಕ್ಬೇಕು.”

ಗ್ಯಾರೇಜಿನವರೆಲ್ಲ ಇವರನ್ನು ‘ಬೆಸುಗೆ ಅತ್ತೆ’ ಎನ್ನುತ್ತಾರೆ. ಮಾಲೀಕರ ಮಗಳಿಗೆ ಸೋದರತ್ತೆ. ಅವಳು ಕರೆದದ್ದೇ ಎಲ್ಲರ ಬಾಯಿಗೂ ಬಂತು. ಮಾಲೀಕರು ಅತ್ತೆಯ ಒಡಹುಟ್ಟಿದ ಅಣ್ಣ. ಮರಳುಗಾಡಿನ ಓಟದಲ್ಲಿ ಹನ್ನೊಂದು ಸಲ ಗೆದ್ದವರು. ಆಫೀಸು ಕೋಣೆಯ ಗೋಡೆಯ ತುಂಬ ಅವರ ಫೋಟೋಗಳು, ಪತ್ರಿಕೆಯ ತುಣುಕುಗಳು. ಪ್ರತಿ ತುಣುಕಿನಲ್ಲೂ ‘ಮರಳಿನ ಹುಲಿ’ ಎಂಬ ಬಿರುದು. ತಂಗಿ ಒಂದರಲ್ಲೂ ಇಲ್ಲ.

“ಬರ್ಕೊಳ್ಳಿ ಬಿಡಿ,” ಎನ್ನುತ್ತಾರೆ ಅತ್ತೆ. “ಹುಲಿ ಕೂತ್ಕೊಳ್ಳೋ ಪಂಜರ ಮಾಡೋಳು ನಾನೇ ಅಲ್ವಾ?”

ಪಂಜರವೆಂದರೆ ಜೀಪು ಪಲ್ಟಿ ಹೊಡೆದರೆ ಒಳಗಿನವರು ಅಪ್ಪಚ್ಚಿಯಾಗದಂತೆ ಕಾಯುವ ಪೈಪುಗಳ ಗೂಡು. ಒಂದೊಂದಕ್ಕೂ ನೂರಾ ಎಂಬತ್ತು ಬೆಸುಗೆ. ಚಕ್ರ ಮೇಲೆ ಕೆಳಗೆ ಆಡಲು ಮಡ್‌ಗಾರ್ಡ್ ಕೊಯ್ಯಬೇಕು. ಒಂದು ಶಾಕ್ ಅಬ್ಸಾರ್ಬರ್ ಇದ್ದಲ್ಲಿ ಎರಡು ಕೂರಿಸಬೇಕು. ಎಂಜಿನ್ನು ಮರಳು ನುಂಗದಂತೆ ಗಾಳಿಯ ಕೊಳವೆಯನ್ನು ಚಾವಣಿಯ ಎತ್ತರಕ್ಕೆ ಒಯ್ಯಬೇಕು. ಗಾಡಿ ಗಟ್ಟಿಯಾಗಬೇಕು, ತೂಕವಂತೂ ಏರಕೂಡದು. ಈ ಜಗ್ಗಾಟದಲ್ಲೇ ಅತ್ತೆಯ ಇಪ್ಪತ್ತೊಂಬತ್ತು ವರ್ಷ ಕಳೆದಿದೆ. ಮುಂಗೈ ಮೇಲೆ ಕಿಡಿ ಹಾರಿದ ಕಲೆಗಳು. ಎಣಿಸುವುದನ್ನು ಎಂದೋ ಬಿಟ್ಟಿದ್ದಾರೆ.

ಗಂಡ ತೀರಿಕೊಂಡ ವರ್ಷ ಒಂದು ಟ್ರಂಕು ಹಿಡಿದು ಅಣ್ಣನ ಬಾಗಿಲಿಗೆ ಬಂದವರು. ಅಣ್ಣ ಗ್ಯಾರೇಜಿನ ಹಿಂದಿನ ಕೋಣೆ ಕೊಟ್ಟರು, ಕೈಗೆ ವೆಲ್ಡಿಂಗ್ ಗನ್ ಕೊಟ್ಟರು. “ಅವತ್ತು ಅಣ್ಣ ಇಲ್ದಿದ್ರೆ ಬೀದಿಪಾಲಾಗ್ತಿದ್ದೆ. ಸುಳ್ಳು ಹೇಳಲ್ಲ. ಆ ಋಣಾನೇ ಗಂಟಲಲ್ಲಿ ಕೂತಿರೋದು.”

ಗಂಟಲಲ್ಲಿ ಕೂತದ್ದು ಇನ್ನೊಂದೂ ಇದೆ. ನಾಲ್ಕು ವರ್ಷದ ಹಿಂದಿನವರೆಗೆ ಹುಲಿಯ ಪಕ್ಕದ ಸೀಟಿನಲ್ಲಿ ಕೂತು ದಾರಿ ಹೇಳುತ್ತಿದ್ದವರು ಶಾಲೆಯೊಂದರ ಭೂಗೋಳದ ಮೇಷ್ಟ್ರು. ಎಲ್ಲರಿಗೂ ‘ನಕ್ಷೆ ಮೇಷ್ಟ್ರು’. ಬಂದಾಗಲೆಲ್ಲ ಕಬ್ಬಿಣದ ಮೇಲೆ ಗುರುತು ಹಾಕಲೆಂದು ಅತ್ತೆಗೆ ಶಾಲೆಯ ಸೀಮೆಸುಣ್ಣ ತರುತ್ತಿದ್ದರು. “ತಗೊಳ್ಳಿ ಅಕ್ಕಾ, ಹೆಡ್‌ಮಾಸ್ಟರ್ ಕಣ್ಣಿಗೆ ಮಣ್ಣೆರಚಿ ತಂದಿದ್ದು” ಎಂದು ನಗುತ್ತಿದ್ದರು.

ಸೀಟಿನ ಬೆಲ್ಟಿನ ಬೋಲ್ಟು ಜೀಪಿನ ನೆಲದ ತಗಡಿಗೆ ಕಚ್ಚಿಕೊಂಡಿರುತ್ತದೆ. ತಗಡಿನಡಿ ಅಂಗೈಯಗಲದ ದಪ್ಪ ಪ್ಲೇಟು ಬೆಸೆದರೆ ಎಂಥ ಎಳೆತಕ್ಕೂ ಬೋಲ್ಟು ಅಲುಗದು. ಇಲ್ಲದಿದ್ದರೆ ತಗಡನ್ನೇ ಹರಿದುಕೊಂಡು ಬರುತ್ತದೆ. ಆ ಸಲದ ಓಟಕ್ಕೆ ಮುಂಚೆ ಅಣ್ಣನದು ತೂಕದ್ದೇ ಜಪ. ತಮ್ಮ ಕಡೆ ಪ್ಲೇಟು ಇರಲಿ, ಪಕ್ಕದ ಸೀಟಿಗೆ ಬೇಡ ಎಂದರು.

“ಅದನ್ಯಾಕೆ ಸುಮ್ನೆ ಹೊರೋದು? ಮೇಷ್ಟ್ರು ಕೂತು ನಕ್ಷೆ ಓದೋರು ತಾನೇ, ಹಾರಾಡ್ತಾರಾ?”

“ಅಣ್ಣ ಅಂದ, ನಾನು ಬಿಟ್ಟೆ,” ಎನ್ನುತ್ತಾರೆ ಅತ್ತೆ. “ಒಂದು ಕೇಜಿನೂ ತೂಗಲ್ಲ ಆ ಪ್ಲೇಟು.”

ದಿಬ್ಬದ ನೆತ್ತಿಯಿಂದ ಹಾರಿದ ಜೀಪು ಮೂತಿ ಕೆಳಗಾಗಿ ಬಿತ್ತು. ಮೇಷ್ಟ್ರ ಬೋಲ್ಟು ಕಿತ್ತು ಬಂತು, ಬೆನ್ನು ಮುರಿಯಿತು. ಸುತ್ತ ನರಪಿಳ್ಳೆ ಇರಲಿಲ್ಲ. ಬೆಲ್ಟು ಕತ್ತರಿಸಿ ಅವರನ್ನು ಎಳೆದವರು ಅಣ್ಣನೇ. ವಿಚಾರಣೆಯಲ್ಲಿ ಅದೇ ಅಣ್ಣ, “ಮೇಷ್ಟ್ರು ಬೆಲ್ಟೇ ಹಾಕ್ಕೊಂಡಿರ್ಲಿಲ್ಲ” ಎಂದರು. ಓಟ ನಡೆಸುವವರು ಗಾಡಿ ನೋಡಲು ಬರುವಷ್ಟರಲ್ಲಿ ಹರಿದ ನೆಲ ಹೋಗಿ ಹೊಸ ನೆಲ ಕೂತಿತ್ತು. ಅದನ್ನು ಬೆಸೆದವರು ಅತ್ತೆ. ಬಂದವರು ಬಗ್ಗಿ ನೋಡಿ, “ಕೆಲಸ ಅಚ್ಚುಕಟ್ಟಾಗಿದೆ” ಎಂದರು. ಇಷ್ಟು ವರ್ಷದಲ್ಲಿ ಹೊರಗಿನವರು ಅವರ ಬೆಸುಗೆಯನ್ನು ಹೊಗಳಿದ್ದು ಅದೊಂದೇ ಸಲ.

“ಬಾಯಿಗೂ ಒಂದು ಬೆಸುಗೆ ಹಾಕ್ಕೊಂಡು ಕೂತ್ಕೋ ಅಂದ ಅಣ್ಣ. ಹಾಕ್ಕೊಂಡೆ.”

ಮೇಷ್ಟ್ರಿಗೆ ಆ ದಿನದ ನೆನಪೇ ಅಳಿಸಿಹೋಗಿದೆ. ಗಾಲಿಕುರ್ಚಿಗೆ ಬಿದ್ದ ಆರನೆಯ ತಿಂಗಳು ಅತ್ತೆಗೊಂದು ಕಾಗದ ಬರೆದರು. ‘ಅಕ್ಕಾ, ಜೀಪು ಗುಡಿಸುವವರು ನೀವೇ. ನನ್ನ ಬೆಲ್ಟಿನ ಬಕಲ್ ಹಾಕಿತ್ತೋ, ಬಿಚ್ಚಿತ್ತೋ? ಮನೆಯಲ್ಲಿ ಎಲ್ಲರೂ ನನ್ನ ಅಜಾಗರೂಕತೆ ಅನ್ನುತ್ತಾರೆ. ನನಗೂ ಹಾಗೇ ಅನಿಸುತ್ತಿದೆ.’

ಉತ್ತರವನ್ನು ಅತ್ತೆ ಅದೇ ವಾರ ಬರೆದರು. ಕಳಿಸಲಿಲ್ಲ. ವೆಲ್ಡಿಂಗ್ ಕಡ್ಡಿ ತೇವವಾಗದಂತೆ ಇಡುವ ಡಬ್ಬದಲ್ಲಿ, ಅಂದು ಮರಳಿನ ಜತೆ ಗುಡಿಸಿ ತೆಗೆದ ಮೇಷ್ಟ್ರ ಬಕಲ್ಲಿನ ಪಕ್ಕ, ಅದು ಇಷ್ಟು ವರ್ಷ ಬೆಚ್ಚಗೆ ಕೂತಿತ್ತು. ಅಣ್ಣ ಹೆದರಿ ಸುಳ್ಳು ಹೇಳಿದ, ಒಂದು ಪ್ಲೇಟಿನಿಂದ ಇಷ್ಟೆಲ್ಲ ಆದೀತೆಂದು ಅವನಿಗೂ ತಿಳಿದಿರಲಿಲ್ಲ ಎಂದು ತಮಗೆ ತಾವೇ ಸಮಾಧಾನ ಹೇಳಿಕೊಳ್ಳುತ್ತಿದ್ದರು.

ಮುಂದಿನ ಓಟಕ್ಕೆ ದಾರಿ ಹೇಳುವವಳು ಅಣ್ಣನ ಮಗಳು. ಮೊನ್ನೆ ಅಣ್ಣ ಹೊಸ ಜೀಪಿನ ಬಳಿ ಬಂದು ನಿಂತರು.

“ಪಕ್ಕದ ಸೀಟಿಗೆ ಡಬಲ್ ಪ್ಲೇಟ್ ಹಾಕೇ. ಬೆಸುಗೆ ಎರಡು ಸುತ್ತು ಬರ್ಲಿ.”

“ತೂಕ ಆಗಲ್ವಾ ಅಣ್ಣ?”

“ತಮಾಷೆನಾ? ಅಲ್ಲಿ ಕೂತ್ಕೊಳ್ಳೋಳು ನನ್ನ ಮಗಳು ಕಣೆ!”

ಅತ್ತೆ ಡಬಲ್ ಪ್ಲೇಟು ಹಾಕಿದರು. ಎರಡು ಸುತ್ತಲ್ಲ, ಮೂರು. ಆಮೇಲೆ ಡಬ್ಬ ತೆಗೆದರು. ಹಳೆಯ ಕಾಗದದ ಕೊನೆಗೆ ಒಂದು ಸಾಲು ಸೇರಿಸಿದರು: ‘ಪ್ಲೇಟು ಹಾಕದೆ ಬಿಟ್ಟವಳು ನಾನು, ನೆಲ ಮುಚ್ಚಿದವಳೂ ನಾನೇ.’

ಈಗ ಪೊರಕೆಯನ್ನು ಮೂಲೆಗಿಟ್ಟು, ಕೈ ತೊಳೆದು, ಬಟ್ಟೆಯಲ್ಲಿ ಹೊಲಿದ ಪೊಟ್ಟಣ ಕಂಕುಳಿಗೆ ಸಿಕ್ಕಿಸಿ ಹೊರಡುತ್ತಾರೆ. ಸಂಜೆಗೆ ಹಿಂದಿನ ಕೋಣೆ ತಮ್ಮದಾಗಿ ಉಳಿಯುವುದೋ ಇಲ್ಲವೋ ತಿಳಿಯದು. ಟ್ರಂಕಿಗೆ ಬಟ್ಟೆ ತುಂಬಿಟ್ಟಿದ್ದಾರೆ.

“ಕ್ಷಮಿಸೋದೆಲ್ಲ ಬೇಡ. ಮೇಷ್ಟ್ರು ಬಾಯಿಗೆ ಬಂದಂಗೆ ಬೈದು ಒಂದು ಕಾಗದ ಹಾಕಿದ್ರೆ ಸಾಕು.”

ಅಂಚೆ ಕಚೇರಿಯ ಕಿಟಕಿಯಲ್ಲಿ ಗುಮಾಸ್ತ ಪೊಟ್ಟಣವನ್ನು ಕೈಯಲ್ಲೇ ತೂಗಿ ನೋಡುತ್ತಾನೆ. “ಒಳಗೇನಿದೆ ಅಮ್ಮಾ?”

“ಒಂದು ಕಾಗದ, ಒಂದು ಬೆಲ್ಟ್ ಬಕಲ್.”

“ಮುರಿದಿದ್ಯಾ?”

“ಇಲ್ಲಪ್ಪ. ಹಾಕೇ ಇದೆ.”

ಗುಮಾಸ್ತ ಮುದ್ರೆ ಒತ್ತುತ್ತಾನೆ.